ಗುಳ್ಳದ ಗದ್ದೆಗೆ ಬಿದ್ದ ಕಳೆನಾಶಕ ಎಲ್ಲಿಗೆ ಹೋಗುತ್ತದೆ?

ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಹೊಳೆ, ನಡುವೆ ಉದ್ದಕ್ಕೆ ಚಾಚಿಕೊಂಡ ಮರಳು ಮಿಶ್ರಿತ ನೆಲ. ಉಡುಪಿಯ ದಕ್ಷಿಣಕ್ಕೆ, ಕಟಪಾಡಿಯಿಂದ ಕಡಲಿನ ಕಡೆಗೆ ಹೊರಳಿದರೆ ಸಿಗುವ ಮಟ್ಟು ಗ್ರಾಮದ ಹೆಸರು ನಾಡಿಗೆಲ್ಲ ಗೊತ್ತಾಗಿರುವುದು ಅಲ್ಲಿನ ಗುಳ್ಳದಿಂದ. ತಿಳಿಹಸಿರು ಬಣ್ಣದ, ದುಂಡನೆಯ, ತೆಳು ಸಿಪ್ಪೆಯ ಈ ಬದನೆಯ ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟರೆಂಬುದು ಊರಿನ ನಂಬಿಕೆ. ಪರ್ಯಾಯದ ಹೊರೆಕಾಣಿಕೆಯಲ್ಲಿ ಅದಕ್ಕೊಂದು ಮರ್ಯಾದೆಯ ಜಾಗವಿದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಇದೇ ನೆಲದಲ್ಲಿ ಮಳೆಗಾಲದ ಏಣೆಲು ಬೆಳೆಯಾಗಿ ಭತ್ತ ಬೆಳೆಯುತ್ತದೆ, ಅದರ ಕೊಯ್ಲಾದ ಬಳಿಕ ಗುಳ್ಳದ ಸಸಿ ಇಳಿಯುತ್ತದೆ. ಹೀಗೆ ಒಂದೇ ಗದ್ದೆ ವರ್ಷದಲ್ಲಿ ಎರಡು ಬಗೆಯ ಸಸ್ಯಗಳಿಗೆ ತಾಯಿಯಾಗುವುದರಲ್ಲಿ ಮೇಲ್ನೋಟಕ್ಕೆ ವಿಶೇಷವೇನೂ ಕಾಣುವುದಿಲ್ಲ.

ಆದರೆ ರಸಾಯನಶಾಸ್ತ್ರದ ಕಣ್ಣಿಗೆ ಇದೊಂದು ಇಕ್ಕಟ್ಟಿನ ಜೋಡಿ. ಭತ್ತವೆಂದರೆ ಹುಲ್ಲಿನ ಜಾತಿ. ಗುಳ್ಳವೆಂದರೆ ಅಗಲ ಎಲೆಯ ದ್ವಿದಳ ಸಸ್ಯ. ಭತ್ತದ ಗದ್ದೆಗೆಂದು ಜಗತ್ತಿನಾದ್ಯಂತ ದಶಕಗಳಿಂದ ಮಾರಾಟವಾಗುತ್ತಿರುವ 2,4-ಡಿ ಎಂಬ ಕಳೆನಾಶಕದ ಹಿರಿಮೆ ಇರುವುದೇ ಹುಲ್ಲನ್ನು ಬಿಟ್ಟು ಅಗಲ ಎಲೆಯವನ್ನು ಕೊಲ್ಲುವುದರಲ್ಲಿ. ಬದನೆ, ಟೊಮೆಟೊ, ಮೆಣಸು ಮುಂತಾದ ಒಂದೇ ಕುಟುಂಬದ ಬೆಳೆಗಳು ಅದಕ್ಕೆ ಎಷ್ಟು ಸೂಕ್ಷ್ಮವೆಂದರೆ, ಪಕ್ಕದ ಗದ್ದೆಗೆ ಸಿಂಪಡಿಸಿದ ಹನಿ ಗಾಳಿಯಲ್ಲಿ ತೇಲಿಬಂದರೂ ಎಲೆ ಸುರುಟಿ, ನರ ಒತ್ತೊತ್ತಾಗಿ, ಗಿಡ ಹೆದರಿದಂತೆ ಮುದುಡಿಕೊಳ್ಳುತ್ತದೆ. ಮಟ್ಟುವಿನ ರೈತರು ಇದನ್ನು ಬಳಸುತ್ತಾರೆಂದು ಇಲ್ಲಿ ಆರೋಪಿಸುತ್ತಿಲ್ಲ. ಆಳು ಸಿಗದ ಕರಾವಳಿಯಲ್ಲಿ, ಭತ್ತದ ಹಿಂದೆಯೇ ತರಕಾರಿ ಬೆಳೆಯುವ ಯಾವ ಬೈಲಿಗೂ ಅನ್ವಯಿಸುವ ಪ್ರಶ್ನೆಯಿದು: ಆಷಾಢದಲ್ಲಿ ಸಿಂಪಡಿಸಿದ ಔಷಧಿ ಕಾರ್ತೀಕದ ಹೊತ್ತಿಗೆ ಎಲ್ಲಿರುತ್ತದೆ?

ಅಂಗಡಿಯಲ್ಲಿ ಕೇಳಿದರೆ ಸಿದ್ಧ ಉತ್ತರವಿದೆ: ‘ಮಣ್ಣಿನಲ್ಲಿ ತಾನೇ ಕರಗಿ ಹೋಗುತ್ತದೆ.’ ಈ ಮಾತು ಸುಳ್ಳಲ್ಲ. ಆದರೆ ಅದರಲ್ಲಿರುವ ‘ತಾನೇ’ ಎಂಬ ಪದ ಮಾತ್ರ ಸರಿಯಲ್ಲ. ಕರಗಿಸುವವರು ಬೇರೆಯೇ ಇದ್ದಾರೆ. ಅವರಿಗೂ ಗಾಳಿ ಬೇಕು, ತೇವ ಬೇಕು, ಆಹಾರ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಸಮಯ ಬೇಕು. ಅವರ ಷರತ್ತುಗಳೇನೆಂದು ಕೇಳದೆ ಅವರ ದುಡಿಮೆಯ ಮೇಲೆ ಭಾರ ಹಾಕಿ ನಾವು ಕುಳಿತಿದ್ದೇವೆ.

ಕಳೆನಾಶಕ ಏಕೆ ಬಂತೆಂದು ಕೃಷಿಕನನ್ನು ಗದರಿಸುವುದು ಪೇಟೆಯವರಿಗೆ ಸುಲಭ. ಸೊಂಟ ಬಗ್ಗಿಸಿ ಕಳೆ ಕೀಳುತ್ತಿದ್ದ ಹೆಂಗಸರ ಸಾಲು ಬೈಲುಗಳಿಂದ ಮರೆಯಾಗಿ ಬಹಳ ಕಾಲವಾಯಿತು. ಅವರ ಮಕ್ಕಳು ಓದಿದರು, ಮಣಿಪಾಲ, ಮಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ ಕೆಲಸ ಹಿಡಿದರು. ಇದರಲ್ಲಿ ದುಃಖಿಸುವಂಥದ್ದೇನೂ ಇಲ್ಲ. ಎಕರೆಗೆ ಹತ್ತಾರು ಆಳುಗಳ ದಿನಗೂಲಿಯ ಬದಲು ಒಂದು ಬಾಟಲಿ ಔಷಧಿ, ಅರ್ಧ ದಿನದ ಸಿಂಪಡಣೆ ಸಾಕೆಂದಾದಾಗ ಯಾರಾದರೂ ಮಾಡುವ ಲೆಕ್ಕವನ್ನೇ ರೈತನೂ ಮಾಡಿದ. ಆ ಲೆಕ್ಕದಲ್ಲಿ ಸೇರದೆ ಉಳಿದ ಬಾಬುಗಳೂ ಇವೆ. ಗದ್ದೆಯ ಹುಣಿಯ ಮೇಲೆ ತಾನಾಗಿ ಹರಡುತ್ತಿದ್ದ ತಿಮರೆ, ಆಟಿ ತಿಂಗಳಲ್ಲಿ ಪಲ್ಯಕ್ಕೊದಗುತ್ತಿದ್ದ ತಜಂಕಿನ ಚಿಗುರು, ಇವೆಲ್ಲ ಕಳೆನಾಶಕದ ಭಾಷೆಯಲ್ಲಿ ‘ಅಗಲ ಎಲೆಯ ಕಳೆ’ಗಳೇ. ಅವುಗಳ ಮಾತನ್ನು ಇಲ್ಲಿಗೇ ಬಿಟ್ಟು ಮಣ್ಣಿನೊಳಗೆ ಇಳಿಯೋಣ.

2,4-ಡಿ ಎರಡನೆಯ ಮಹಾಯುದ್ಧದ ಕಾಲದ ಸಂಶೋಧನೆಯ ಕೂಸು. 1945ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂತು. ಅದಾಗಿ ನಾಲ್ಕೇ ವರ್ಷಕ್ಕೆ, 1949ರಲ್ಲಿ, ಲಂಡನ್ನಿನ ಸಸ್ಯವಿಜ್ಞಾನಿ ಎಲ್.ಜೆ. ಆಡಸ್ ಒಂದು ಸರಳವಾದ ಪ್ರಯೋಗವನ್ನು ವರದಿ ಮಾಡಿದರು. ಗಾಜಿನ ನಳಿಗೆಯಲ್ಲಿ ಮಣ್ಣು ತುಂಬಿ, 2,4-ಡಿ ಬೆರೆಸಿದ ನೀರನ್ನು ಅದರ ಮೂಲಕ ಮತ್ತೆ ಮತ್ತೆ ಹರಿಯಿಸಿದರು. ಮೊದಲ ಕೆಲವು ದಿನ ಏನೂ ಆಗಲಿಲ್ಲ. ಅನಂತರ ವಿಷ ಇದ್ದಕ್ಕಿದ್ದಂತೆ ಇಳಿಯತೊಡಗಿ ಮಾಯವಾಯಿತು. ಅದೇ ಮಣ್ಣಿಗೆ ಎರಡನೆಯ ಸಲ ಔಷಧಿ ಕೊಟ್ಟಾಗ ಮೊದಲಿನ ಕಾಯುವಿಕೆಯೇ ಇರಲಿಲ್ಲ. ಬಂದದ್ದು ಬಂದಂತೆ ಖಾಲಿಯಾಯಿತು. ಮಣ್ಣು ಪಾಠ ಕಲಿತಿತ್ತು. ಜೀವಿಗಳನ್ನು ಕೊಲ್ಲುವ ದ್ರಾವಣವನ್ನು ಸೇರಿಸಿದರೆ ಈ ಕಣ್ಮರೆ ನಿಂತುಹೋಗುತ್ತಿತ್ತು. ಅಂದರೆ ಕೆಲಸ ಮಾಡುತ್ತಿದ್ದುದು ಮಣ್ಣಿನ ಖನಿಜವಲ್ಲ, ಅದರಲ್ಲಿದ್ದ ಬ್ಯಾಕ್ಟೀರಿಯಾ. ಮುಂದೆ ಅಂತಹ ಬ್ಯಾಕ್ಟೀರಿಯಾಗಳನ್ನು ಅವರು ಬೇರ್ಪಡಿಸಿಯೂ ತೋರಿಸಿದರು.

ಅವು ಮಾಡುವ ಕೆಲಸವನ್ನು ಈಗ ನಾವು ಹೆಚ್ಚು ಸ್ಪಷ್ಟವಾಗಿ ಬಲ್ಲೆವು. 2,4-ಡಿ ಅಣುವೆಂದರೆ ಆರು ಇಂಗಾಲಗಳ ಒಂದು ಉಂಗುರ, ಅದಕ್ಕೆ ಅಂಟಿಕೊಂಡ ಎರಡು ಕ್ಲೋರಿನ್, ಜೊತೆಗೊಂದು ಬಾಲ. ಆಸ್ಟ್ರೇಲಿಯದ ಮಣ್ಣಿನಿಂದ ಪಡೆದ, ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ‘ಜೆಎಂಪಿ 134’ ಎಂಬ ಹೆಸರಿನಲ್ಲಿ ಪರಿಚಿತವಾಗಿರುವ ತಳಿಯೊಂದರಲ್ಲಿ ಈ ಅಡುಗೆಯ ವಿಧಾನವನ್ನು ವಿವರವಾಗಿ ಓದಲಾಗಿದೆ. ಮೊದಲನೆಯ ಕಿಣ್ವ ಬಾಲವನ್ನು ಕತ್ತರಿಸುತ್ತದೆ. ಎರಡನೆಯದು ಉಂಗುರಕ್ಕೆ ಆಮ್ಲಜನಕವನ್ನು ಜೋಡಿಸಿ ಅದನ್ನು ಸಡಿಲಗೊಳಿಸುತ್ತದೆ. ಮೂರನೆಯದು ಆ ಉಂಗುರವನ್ನೇ ಮುರಿಯುತ್ತದೆ. ಕಟ್ಟು ಕಳಚಿದ ಮೇಲೆ ಕ್ಲೋರಿನ್ ಉಪ್ಪಿನಲ್ಲಿರುವಂತಹ ಕ್ಲೋರೈಡ್ ಆಗಿ ಹೊರಬೀಳುತ್ತದೆ, ಉಳಿದ ತುಣುಕುಗಳು ಸಕ್ಕರೆಯ ತುಣುಕುಗಳಂತೆಯೇ ಬ್ಯಾಕ್ಟೀರಿಯಾದ ಒಡಲಿಗೆ ಸೇರಿ ಶಕ್ತಿಯಾಗುತ್ತವೆ. ನಮಗೆ ವಿಷವಾದದ್ದು ಅದಕ್ಕೆ ಊಟ. ಈ ಕ್ರಮದಲ್ಲಿ ಮೊದಲ ಹೆಜ್ಜೆಯಿಂದಲೇ ಆಮ್ಲಜನಕ ಬೇಕೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಗದ್ದೆಯ ಲೆಕ್ಕಕ್ಕೆ ಬರುವಾಗ ಅದು ಬೇಕಾಗುತ್ತದೆ.

ಮನುಷ್ಯ 1940ರ ದಶಕದಲ್ಲಿ ಕಟ್ಟಿದ ಅಣುವನ್ನು ಒಡೆಯುವ ವಿದ್ಯೆ ಈ ಜೀವಿಗಳಿಗೆ ಎಲ್ಲಿಂದ ಬಂತು? ಅರ್ಧ ಉತ್ತರ ಕಾಡಿನ ತರಗೆಲೆಯಲ್ಲಿದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ನಲ್ಲಿಯೂ ಇಂತಹವೇ ಇಂಗಾಲದ ಉಂಗುರಗಳಿವೆ. ಕೋಟ್ಯಂತರ ವರ್ಷಗಳಿಂದ ಸತ್ತ ಮರ, ಬಿದ್ದ ಎಲೆಗಳ ಉಂಗುರಗಳನ್ನು ಮುರಿದು ತಿಂದ ವಂಶಕ್ಕೆ ಕ್ಲೋರಿನ್ ಅಂಟಿದ ಉಂಗುರ ತೀರ ಹೊಸತಲ್ಲ. ಉಳಿದರ್ಧ ಉತ್ತರ ಬ್ಯಾಕ್ಟೀರಿಯಾಗಳ ಉದಾರ ನಡವಳಿಕೆಯಲ್ಲಿದೆ. ಜೆಎಂಪಿ 134ರಲ್ಲಿ ಈ ಕಿಣ್ವಗಳ ವಂಶವಾಹಿಗಳಿರುವುದು ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಬಳೆಯಲ್ಲಿ. ಆ ಬಳೆಯನ್ನು ಒಂದು ಬ್ಯಾಕ್ಟೀರಿಯಾ ನೆರೆಯ ಮತ್ತೊಂದಕ್ಕೆ, ಬೇರೆ ಜಾತಿಯದಕ್ಕೂ ದಾಟಿಸಬಲ್ಲದು. ಮನೆಯ ಪಾಕವನ್ನು ಗುಟ್ಟಾಗಿಡುವ ಅಭ್ಯಾಸ ಅವುಗಳಿಗಿಲ್ಲ.

ಹೊಸ ವಿದ್ಯೆ ಎಷ್ಟು ಬೇಗ ಹುಟ್ಟಬಲ್ಲದೆಂಬುದಕ್ಕೆ ಇದಕ್ಕಿಂತ ಬೆರಗಿನ ನಿದರ್ಶನ ಮೆಕ್ಕೆಜೋಳ, ಕಬ್ಬಿನ ಹೊಲಗಳಿಗೆ ಹಾಕುವ ಅಟ್ರಾಜಿನ್‌ನದು. 1958ರಲ್ಲಿ ಮಾರುಕಟ್ಟೆಗೆ ಬಂದ ಈ ಕಳೆನಾಶಕ ಬಹುಕಾಲ ಮಣ್ಣಿನಲ್ಲಿ ಹಟ ಹಿಡಿದು ಕೂರುವುದೆಂದೇ ಹೆಸರಾಗಿತ್ತು. 1995ರಲ್ಲಿ ಅಮೆರಿಕದ ಮಿನ್ನೆಸೋಟದ ವಿಜ್ಞಾನಿಗಳು ಕಳೆನಾಶಕ ಚೆಲ್ಲಿದ್ದ ಜಾಗದ ಮಣ್ಣಿನಲ್ಲಿ ಅದನ್ನು ಪೂರ್ತಿಯಾಗಿ ಜೀರ್ಣಿಸಿಕೊಳ್ಳುವ ಸ್ಯೂಡೊಮೊನಾಸ್ ತಳಿಯೊಂದನ್ನು ವರದಿ ಮಾಡಿದರು. ಅದರ ಮೊದಲ ಕಿಣ್ವ ಅಟ್ರಾಜಿನ್‌ನಿಂದ ಕ್ಲೋರಿನ್ ಕೀಳುತ್ತದೆ. ಮೆಲಮೈನ್ ಎಂಬ ಬೇರೊಂದು ವಸ್ತುವನ್ನು ಒಡೆಯುವ ಇನ್ನೊಂದು ಬ್ಯಾಕ್ಟೀರಿಯಾದ ಕಿಣ್ವದೊಡನೆ ಅದನ್ನು ಹೋಲಿಸಿದಾಗ, 475 ಅಮಿನೊ ಆಮ್ಲಗಳ ಸರಪಳಿಯಲ್ಲಿ ಕಂಡ ವ್ಯತ್ಯಾಸ ಬರೀ ಒಂಬತ್ತು. ಒಂಬತ್ತು ಮಣಿಗಳನ್ನು ಬದಲಿಸಿದ್ದಕ್ಕೆ ಸರದ ಕೆಲಸವೇ ಬದಲಾಗಿದೆ.

ಹಾಗೆಂದು ಎಲ್ಲ ವಿಷಕ್ಕೂ ಈ ಉದಾರತೆ ಅನ್ವಯಿಸದು. 2,4-ಡಿಯ ಉಂಗುರಕ್ಕೆ ಇನ್ನೊಂದೇ ಒಂದು ಕ್ಲೋರಿನ್ ಸೇರಿಸಿದರೆ 2,4,5-ಟಿ ಆಗುತ್ತದೆ. ವಿಯೆಟ್ನಾಮಿನ ಕಾಡುಗಳ ಮೇಲೆ ಅಮೆರಿಕ ಸುರಿದ ‘ಏಜೆಂಟ್ ಆರೆಂಜ್’ ಇವೆರಡರ ಮಿಶ್ರಣ. ಮೊದಲನೆಯದು ವಾರಗಳಲ್ಲಿ ಕರಗಿದರೆ ಎರಡನೆಯದಕ್ಕೆ ತಿಂಗಳುಗಳು ಬೇಕು. ಒಂದೇ ಕ್ಲೋರಿನ್‌ನ ಬೆಲೆ ಅಷ್ಟು! ಅದನ್ನು ತಿನ್ನಬಲ್ಲ ಬ್ಯಾಕ್ಟೀರಿಯಾವನ್ನು 1980ರ ದಶಕದ ಆರಂಭದಲ್ಲಿ ಪ್ರಯೋಗಾಲಯದಲ್ಲಿ ಪಳಗಿಸಿ ತೆಗೆದವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಬಂಗಾಳಿ ವಿಜ್ಞಾನಿ ಆನಂದಮೋಹನ ಚಕ್ರವರ್ತಿ ಮತ್ತು ಅವರ ಸಂಗಡಿಗರು. ತೈಲ ತಿನ್ನುವ ಬ್ಯಾಕ್ಟೀರಿಯಾಕ್ಕಾಗಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1980ರಲ್ಲಿ ಜೀವಿಯೊಂದಕ್ಕೆ ಪೇಟೆಂಟಿನ ಹಕ್ಕನ್ನು ಗಳಿಸಿಕೊಟ್ಟವರೂ ಇವರೇ. ಕಸದ ಗುಂಡಿಗಳ ಮಾದರಿಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ, ಬೇರೆ ಆಹಾರವನ್ನು ಹಂತಹಂತವಾಗಿ ಕಡಿಮೆ ಮಾಡುತ್ತ, ತಿಂಗಳುಗಟ್ಟಲೆ ಕಾದು, ಕೊನೆಗೆ ವಿಷವನ್ನೇ ಉಂಡು ಬದುಕುವ ತಳಿಯನ್ನು ಅವರು ಪಡೆದರು. ಪಾತ್ರೆಯೊಳಗೆ ವಿಜ್ಞಾನಿ ಒದಗಿಸಿದ ಈ ತಾಳ್ಮೆಯನ್ನು ಹೊಲದಲ್ಲಿ ಒದಗಿಸುವವರು ಯಾರು?

ಬ್ಯಾಕ್ಟೀರಿಯಾ ಮಟ್ಟು ಗುಳ್ಳದ ಸುದ್ದಿಯಲ್ಲಿ ಸೇರುವುದು ಇದೇ ಮೊದಲೇನಲ್ಲ. ಬಿಟಿ ಬದನೆಯ ವಿವಾದ ದೇಶದಲ್ಲೆಲ್ಲ ಎದ್ದಾಗ, ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯನ್ನು ಸೇರಿಸಲು ಧಾರವಾಡ ಕೃಷಿ ವಿಶ್ವವಿದ್ಯಾಲಯ ಆರಿಸಿಕೊಂಡ ಸ್ಥಳೀಯ ತಳಿಗಳ ಪಟ್ಟಿಯಲ್ಲಿ ಉಡುಪಿಯ ಗುಳ್ಳವೂ ಇತ್ತು. 2010ರ ಫೆಬ್ರುವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಆ ದಿನಗಳಲ್ಲಿ ಗುಳ್ಳದ ಒಳಗೆ ಬರಲಿರುವ ಬ್ಯಾಕ್ಟೀರಿಯಾದ ಒಂದು ವಂಶವಾಹಿಯ ಬಗ್ಗೆ ಸಭೆಗಳು ನಡೆದವು, ಪುಟಗಟ್ಟಲೆ ಬರೆಯಲಾಯಿತು. ಗುಳ್ಳದ ಬೇರಿನ ಸುತ್ತ ಪ್ರತಿ ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಇರುವ ಬ್ಯಾಕ್ಟೀರಿಯಾಗಳ ಆರೋಗ್ಯದ ಬಗ್ಗೆ ಅದರ ನೂರರಲ್ಲೊಂದು ಪಾಲು ಮಾತೂ ನಡೆದಂತೆ ಕಾಣದು.

ಈಗ ಗದ್ದೆಯ ಲೆಕ್ಕಕ್ಕೆ ಬರೋಣ. ಬೆಚ್ಚಗಿನ, ಹದವಾಗಿ ತೇವವಿರುವ, ಗಾಳಿಯಾಡುವ ಮಣ್ಣಿನಲ್ಲಿ 2,4-ಡಿ ಅರ್ಧಕ್ಕಿಳಿಯಲು ಸುಮಾರು ಹತ್ತು ದಿನ ಬೇಕೆಂದು ಇಟ್ಟುಕೊಳ್ಳಬಹುದು. ಇನ್ನು ಹತ್ತು ದಿನಕ್ಕೆ ಅದರರ್ಧ. ಹೀಗೆ ಎಪ್ಪತ್ತು ದಿನ ಕಳೆದರೆ ಉಳಿಯುವುದು 128ರಲ್ಲಿ ಒಂದು ಪಾಲು, ಅಂದರೆ ಶೇ 1ಕ್ಕಿಂತಲೂ ಕಡಿಮೆ. ನಾಟಿಯಾದ ಮೂರು ನಾಲ್ಕು ವಾರಕ್ಕೆ, ಜುಲೈ ಕೊನೆಯಲ್ಲೋ ಆಗಸ್ಟ್‌ನಲ್ಲೋ ಸಿಂಪಡಿಸಿದ್ದು ಅಕ್ಟೋಬರ್ ಮುಗಿಯುವ ವೇಳೆಗೆ ಬಹುಮಟ್ಟಿಗೆ ತೀರಿಹೋಗಿರಬೇಕು. ಅಂಗಡಿಯವನ ಮಾತಿಗೆ ಇಲ್ಲಿ ಆಧಾರವಿದೆ, ಒಪ್ಪಿಕೊಳ್ಳೋಣ.

ಆದರೆ ಭತ್ತದ ಗದ್ದೆ ಗಾಳಿಯಾಡುವ ಮಣ್ಣಲ್ಲ. ನೀರು ನಿಂತ ಕೆಲವೇ ದಿನಗಳಲ್ಲಿ ಕೆಸರಿನೊಳಗಿನ ಆಮ್ಲಜನಕ ಖಾಲಿಯಾಗುತ್ತದೆ, ಮೇಲ್ಪದರದ ತೆಳುವಾದ ಹಾಳೆಯಷ್ಟು ಭಾಗ ಮತ್ತು ಬೇರಿನ ಸುತ್ತಲ ಜಾಗ ಮಾತ್ರ ಉಸಿರಾಡುತ್ತಿರುತ್ತವೆ. ಆಮ್ಲಜನಕ ಬೇಡುವ ಮೊದಲ ಕಿಣ್ವಕ್ಕೆ ಅಲ್ಲಿ ಕೆಲಸ ನಿಧಾನ. ಹತ್ತು ದಿನದ ಲೆಕ್ಕ ನಿಂತ ನೀರಿನಲ್ಲಿ ಉದ್ದವಾಗುತ್ತದೆ, ನೀರಿಳಿದು ಗದ್ದೆ ಬಿರಿದ ಮೇಲೆ ಮತ್ತೆ ಚುರುಕಾಗುತ್ತದೆ. ಕೆಸರಿನಲ್ಲಿ ಬೇರೊಂದು ಪಂಗಡದ ಬ್ಯಾಕ್ಟೀರಿಯಾಗಳಿವೆ. ಅವು ಆಮ್ಲಜನಕವಿಲ್ಲದೆಯೇ ಉಸಿರಾಡಬಲ್ಲವು. ಕ್ಲೋರಿನ್ ಹೆಚ್ಚಿರುವ ಕೆಲವು ಅಣುಗಳಿಂದ ಅದನ್ನು ಕಿತ್ತು ಹಾಕುವುದರಲ್ಲಿ ಅವೇ ಮುಂದು. ಗದ್ದೆ ನೀರು ತುಂಬಿ, ಒಣಗಿ, ಮತ್ತೆ ತುಂಬುವುದೆಂದರೆ ಎರಡು ಪಾಳಿಯ ಕೆಲಸಗಾರರು ಸರದಿಯಂತೆ ದುಡಿಯುವುದೆಂದು ತಿಳಿಯಬಹುದು.

ಈ ಕೆಸರಿನ ಪಾಳಿಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಭಾರತದ ವಿಜ್ಞಾನಿಗಳೇ ಮೊದಲಿಗರೆನ್ನಬಹುದು. ಎನ್. ಸೇತುನಾಥನ್ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಯೋಶಿದಾ ಅವರೊಡನೆ ಕೆಲಸ ಮಾಡಿ, ಭತ್ತದ ಗದ್ದೆಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವೊಂದು ಡಯಜಿನಾನ್, ಪ್ಯಾರಾಥಿಯಾನ್ ಎಂಬ ಕೀಟನಾಶಕಗಳನ್ನು ಒಡೆಯುವುದನ್ನು 1973ರಲ್ಲಿ ಪ್ರಕಟಿಸಿದರು. ಅದೇ ವರ್ಷ ಆರ್. ಸಿದ್ದರಾಮಪ್ಪ, ಕೆ.ಪಿ. ರಾಜಾರಾಂ ಹಾಗೂ ಸೇತುನಾಥನ್ ನೀರು ನಿಂತ ಮಣ್ಣಿನ ಬ್ಯಾಕ್ಟೀರಿಯಾಗಳು ಪ್ಯಾರಾಥಿಯಾನ್ ಒಡೆಯುವ ಬಗೆಯ ಕುರಿತು ಇನ್ನೊಂದು ಪ್ರಬಂಧ ಬರೆದರು. ಅರ್ಧ ಶತಮಾನದ ಹಿಂದಿನ ಮಾತಿದು. ಮೈಸೂರಿನ ಸಿಎಫ್‌ಟಿಆರ್‌ಐ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕಲಬುರಗಿಯ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿಯೂ ಇಂತಹ ಉಂಗುರ ಮುರಿಯುವ ಬ್ಯಾಕ್ಟೀರಿಯಾಗಳ ಮೇಲೆ ಬಹಳ ವರ್ಷ ಕೆಲಸ ನಡೆದಿದೆ. ವಿದ್ಯೆಗೆ ಬರವಿಲ್ಲ. ಅದು ಕೃಷಿ ಇಲಾಖೆಯ ಮೇಜು ದಾಟಿ ಬೈಲಿಗೆ ಇಳಿದ ದಾರಿ ಮಾತ್ರ ಕಾಣಿಸುವುದಿಲ್ಲ.

ಮಟ್ಟುವಿನಂತಹ ಮರಳು ನೆಲದ ಇನ್ನೊಂದು ತೊಡಕು, ಅದು ಏನನ್ನೂ ಹಿಡಿದಿಟ್ಟುಕೊಳ್ಳದು. ಮಣ್ಣಿಗೆ ಸೇರಿದ 2,4-ಡಿ ಋಣ ವಿದ್ಯುದಂಶದ ಕಣವಾಗಿ ನೀರಿನೊಂದಿಗೆ ಚಲಿಸುತ್ತದೆ. ಜೇಡಿಯೂ ಸಾವಯವ ಅಂಶವೂ ಕಡಿಮೆಯಿರುವಲ್ಲಿ ಅದಕ್ಕೆ ಅಡ್ಡಿಯಿಲ್ಲ, ಅಂತಹ ಕಡೆ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಕಡಿಮೆ. ಮೇಲ್ಮಣ್ಣಿನಲ್ಲಿ ವಾರಗಳಲ್ಲಿ ಮುಗಿಯುವ ಕೆಲಸ, ಗಾಳಿ ಬೆಳಕಿಲ್ಲದ, ಉಣ್ಣಲು ಮತ್ತೇನೂ ಇಲ್ಲದ ಆಳದಲ್ಲಿ ಕುಂಟುತ್ತದೆ. ಕೆಲವೇ ಅಡಿಗಳಲ್ಲಿ ಬಾವಿಯ ನೀರು ಸಿಗುವ ಕರಾವಳಿಯಲ್ಲಿ ಸಿಂಪಡಿಸಿದ ದಿನವೇ ಜಡಿಮಳೆ ಹೊಡೆದರೆ ಬ್ಯಾಕ್ಟೀರಿಯಾ ಊಟಕ್ಕೆ ಕೂರುವ ಮೊದಲೇ ಎಲೆ ಎತ್ತಿದಂತೆ.

ಗುಳ್ಳದ ಮಟ್ಟಿಗೆ ಮಣ್ಣಿನ ಶೇಷಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಗಾಳಿಗೆ ಮತ್ತು ಸಿಂಪಡಣೆಯ ಡಬ್ಬಿಗೆ. ಹಾರಿಬರುವ ಹನಿಯ ಮೇಲೆ ಬ್ಯಾಕ್ಟೀರಿಯಾದ ಆಟ ನಡೆಯದು. ಅದು ನೇರವಾಗಿ ಎಲೆಯ ಮೇಲೆ ಕೂರುತ್ತದೆ. ಮಧ್ಯಾಹ್ನ ಕಡಲಗಾಳಿ ಬೀಸುವ ಊರಿನಲ್ಲಿ ಮೂಡಣ ದಿಕ್ಕಿನ ಗದ್ದೆಯವನು ಸಿಂಪಡಿಸುವವನ ಕೃಪೆಯಲ್ಲಿರುತ್ತಾನೆ. ಕಳೆನಾಶಕ ತುಂಬಿಸಿದ್ದ ಡಬ್ಬಿಯನ್ನು ಒಂದು ಸಲ ನೀರು ಕುಲುಕಿ ಚೆಲ್ಲಿ, ಅದರಲ್ಲೇ ಬದನೆಗೆ ಬೇರೆ ಔಷಧಿ ತುಂಬಿದರೆ ತಳದಲ್ಲುಳಿದ ಅಷ್ಟಿಷ್ಟೇ ಸಾಕು. ಹೀಗೆ ಸುರುಟಿದ ಎಲೆಯನ್ನು ಕಂಡು ನಂಜು ರೋಗವೆಂದು ಬಗೆದು ಇನ್ನೊಂದು ಔಷಧಿಗೆ ದುಡ್ಡು ಸುರಿಯುವುದೂ ಉಂಟು.

ಕಡಲ ತಡಿಯಿಂದ ಪೂರ್ವಕ್ಕೆ, ಕಾರ್ಕಳದ ಕಡೆಗೆ ಗುಡ್ಡ ಏರುತ್ತಿದ್ದಂತೆ ಮಣ್ಣು ಕೆಂಪಾಗುತ್ತದೆ, ಕತೆಯೂ ಬದಲಾಗುತ್ತದೆ. ಮುರಕಲ್ಲಿಗೂ ಅದರ ಮೇಲಣ ಮಣ್ಣಿಗೂ ಆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡುಗಳಿಂದ, ಅಲ್ಯೂಮಿನಿಯಂನದೂ ಜೊತೆಗಿದೆ. ತೋಟಗಳಲ್ಲಿ, ರಸ್ತೆ ಬದಿಗಳಲ್ಲಿ, ಖಾಲಿ ನಿವೇಶನಗಳಲ್ಲಿ ಇಂದು ಹೆಚ್ಚು ಕಾಣುವ ಕಳೆನಾಶಕವೆಂದರೆ ಗ್ಲೈಫೋಸೇಟ್. 1974ರಲ್ಲಿ ಮಾನ್ಸಾಂಟೊ ‘ರೌಂಡಪ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟ ಈ ವಸ್ತು ಮುರಕಲ್ಲಿನ ಮಣ್ಣಿಗೆ ಬಿದ್ದೊಡನೆ ಕಬ್ಬಿಣ-ಅಲ್ಯೂಮಿನಿಯಂಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ಗಿಡವನ್ನು ಕೊಲ್ಲದು. ‘ಮಣ್ಣು ಮುಟ್ಟಿದರೆ ಸತ್ತುಹೋಗುತ್ತದೆ’ ಎಂಬ ಮಾರಾಟಗಾರರ ಮಾತಿನ ಮೂಲ ಇದು. ಆದರೆ ಅದು ಸತ್ತಿರುವುದಿಲ್ಲ, ಬೀಗ ಹಾಕಿಸಿಕೊಂಡು ಕುಳಿತಿರುತ್ತದೆ. ಗಿಡಕ್ಕೆ ಸಿಗದ್ದು ಬ್ಯಾಕ್ಟೀರಿಯಾಕ್ಕೂ ಸುಲಭವಾಗಿ ಸಿಗದು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಗುಡ್ಡದ ಮಣ್ಣು ಕೊಚ್ಚಿಹೋದಾಗ ಅದಕ್ಕಂಟಿದ್ದೂ ಜೊತೆಗೆ ತೋಡಿಗೆ, ಹೊಳೆಗೆ ಇಳಿಯುತ್ತದೆ. ಮಣ್ಣಿಗೆ ಹಾಕಿದ ರಂಜಕದ ಗೊಬ್ಬರ ಅದೇ ಕೊಂಡಿಗಳಿಗೆ ಪೈಪೋಟಿ ನಡೆಸಿ, ಅಂಟಿದ್ದ ಗ್ಲೈಫೋಸೇಟನ್ನು ಮತ್ತೆ ಬಿಡಿಸಲೂ ಸಾಧ್ಯ.

ಬಿಡಿಯಾಗಿ ಸಿಕ್ಕ ಗ್ಲೈಫೋಸೇಟನ್ನು ಬ್ಯಾಕ್ಟೀರಿಯಾ ಎರಡು ದಾರಿಗಳಲ್ಲಿ ಒಡೆಯುತ್ತದೆ. ಒಂದರಲ್ಲಿ ಇಂಗಾಲ-ರಂಜಕದ ಗಟ್ಟಿ ಕೊಂಡಿಯೇ ಮುರಿದು, ನಿರಪಾಯಕಾರಿ ತುಣುಕುಗಳು ಸಿಗುತ್ತವೆ. ಇನ್ನೊಂದರಲ್ಲಿ ‘ಆಂಪಾ’ ಎಂಬ ಮಧ್ಯಂತರ ವಸ್ತು ಉಳಿದು, ಅದು ಮೂಲಕ್ಕಿಂತಲೂ ಹೆಚ್ಚು ಕಾಲ ಬಾಳುತ್ತದೆ. ಗ್ಲೈಫೋಸೇಟ್ ಸಸ್ಯವನ್ನು ಕೊಲ್ಲುವುದು ಅಮಿನೊ ಆಮ್ಲ ತಯಾರಿಸುವ ಒಂದು ಕಿಣ್ವವನ್ನು ತಡೆದು. ಅದೇ ಕಿಣ್ವ ಬ್ಯಾಕ್ಟೀರಿಯಾಗಳಲ್ಲೂ ಇದೆ, ಕೆಲವು ಅದರಿಂದ ನಲುಗುತ್ತವೆ, ಕೆಲವಕ್ಕೆ ಏನೂ ಆಗದು. ಅಮೆರಿಕದ ಲೂಸಿಯಾನದಲ್ಲಿ ಗ್ಲೈಫೋಸೇಟ್ ಕಾರ್ಖಾನೆಯ ತ್ಯಾಜ್ಯದಲ್ಲಿ ಹೀಗೆ ಜಗ್ಗದೆ ಬದುಕಿದ್ದ ಬ್ಯಾಕ್ಟೀರಿಯಾದ ವಂಶವಾಹಿಯನ್ನೇ ಎತ್ತಿಕೊಂಡು ಕಳೆನಾಶಕ ತಾಳುವ ಸೋಯಾ, ಹತ್ತಿಯ ತಳಿಗಳನ್ನು ಮಾಡಲಾಯಿತು. ಬ್ಯಾಕ್ಟೀರಿಯಾ ಕಲಿತ ಪಾಠ ವಿಷವನ್ನು ಕಡಿಮೆ ಮಾಡುವ ಬದಲು ಇನ್ನಷ್ಟು ವಿಷ ಮಾರಲು ನೆರವಾದ ವಿಚಿತ್ರವಿದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೋಸೇಟನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ಹಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಆ ತೀರ್ಮಾನವನ್ನು ಒಪ್ಪಲಿಲ್ಲ. 2020ರಲ್ಲಿ ನಮ್ಮ ಕೇಂದ್ರ ಸರ್ಕಾರ ನಿಷೇಧಕ್ಕೆಂದು ಪ್ರಕಟಿಸಿದ 27 ಔಷಧಿಗಳ ಕರಡು ಪಟ್ಟಿಯಲ್ಲಿ 2,4-ಡಿ, ಅಟ್ರಾಜಿನ್, ಭತ್ತದ ಗದ್ದೆಯ ಬ್ಯುಟಾಕ್ಲೋರ್ ಎಲ್ಲವೂ ಇದ್ದವು. ಮೂರು ವರ್ಷಗಳ ನಂತರ ಹೊರಬಿದ್ದ ನಿಷೇಧದ ಆದೇಶದಲ್ಲಿ ಇವು ಮೂರೂ ಇರಲಿಲ್ಲ.

ಒಡೆಯುವುದೆಂದರೆ ವಿಷ ತೀರುವುದೆಂದು ಭಾವಿಸುವವರು ಕಾಸರಗೋಡಿನ ಕಡೆ ನೋಡಬೇಕು. ಅಲ್ಲಿನ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 2000ದವರೆಗೂ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಕಳೆನಾಶಕವಲ್ಲ, ಕೀಟನಾಶಕ. ಆದರೂ ಪಾಠ ಇಲ್ಲಿಗೆ ಒಪ್ಪುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬದಲಿಸಿದ್ದು ಹೌದು. ಆ ಬದಲಾವಣೆಯ ಮುಖ್ಯ ಫಲವಾದ ಎಂಡೋಸಲ್ಫಾನ್ ಸಲ್ಫೇಟ್ ಮೂಲವಸ್ತುವಿನಷ್ಟೇ ವಿಷಕಾರಿ, ಅದಕ್ಕಿಂತ ದೀರ್ಘಾಯುಷಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ‘ಬೇಗ ಕರಗುತ್ತದೆ’ ಎಂಬ ವಾದ ಕೇಳಿಬರುತ್ತಲೇ ಇತ್ತು. ಮೂಲವಸ್ತುವೊಂದನ್ನೇ ಅಳೆದು ಅದರ ಮಗುವನ್ನು ಅಳೆಯದಿದ್ದರೆ ಲೆಕ್ಕ ಯಾವಾಗಲೂ ಚೆಂದವಾಗಿಯೇ ಬರುತ್ತದೆ.

ಹಾಗಾದರೆ ವಿಷ ತಿನ್ನುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ತಂದು ಸುರಿಯಬಾರದೇಕೆ? ಸುರಿಯಬಹುದು, ಉಳಿಯುವುದು ಕಷ್ಟ. ಪ್ರಯೋಗಾಲಯದ ತಟ್ಟೆಯಲ್ಲಿ ಹುಲಿಯಂತಿದ್ದ ತಳಿ ಗದ್ದೆಯ ಮಣ್ಣಿನಲ್ಲಿ ಊರಿನ ಬ್ಯಾಕ್ಟೀರಿಯಾಗಳ ಪೈಪೋಟಿಗೆ, ಅವನ್ನು ತಿನ್ನುವ ಸೂಕ್ಷ್ಮಪ್ರಾಣಿಗಳ ಹಸಿವಿಗೆ ಸಿಕ್ಕಿ ಬಹುಬೇಗ ಕರಗಿಬಿಡುತ್ತದೆ. ಅಮೆರಿಕದ ದಕ್ಷಿಣ ಡಕೋಟದಲ್ಲಿ ಅಟ್ರಾಜಿನ್ ಚೆಲ್ಲಿಹೋದ ಜಾಗವೊಂದರಲ್ಲಿ ವಿಜ್ಞಾನಿಗಳು ಈ ತಾಪತ್ರಯವೇ ಬೇಡವೆಂದು, ಕಿಣ್ವ ತುಂಬಿದ ಬ್ಯಾಕ್ಟೀರಿಯಾವನ್ನು ಮೊದಲೇ ಕೊಂದು, ರಂಜಕದೊಂದಿಗೆ ಬೆರೆಸಿ ಮಣ್ಣಿಗೆ ಹಾಕಿದರು. ಎಂಟು ವಾರಗಳಲ್ಲಿ ಶೇ 77ರಷ್ಟು ಅಟ್ರಾಜಿನ್ ಇಳಿದುದನ್ನು 2000ದಲ್ಲಿ ವರದಿ ಮಾಡಿದರು. ಅಪಘಾತದ ಜಾಗಕ್ಕೆ ಸರಿ, ಊರಿನ ಬೈಲಿಗೆಲ್ಲ ಅದು ಆಗುವ ಮಾತಲ್ಲ.

ನಮ್ಮ ಕೈಗೆಟಕುವುದು ಸ್ವೀಡನ್ನಿನ ರೈತರ ಉಪಾಯ. 1993ರಲ್ಲಿ ಅಲ್ಲಿ ಆರಂಭವಾದ ‘ಬಯೋಬೆಡ್’ ಎಂದರೆ ಸುಮಾರು ಎರಡಡಿ ಆಳದ ಒಂದು ಗುಂಡಿ. ತಳಕ್ಕೆ ಜೇಡಿ ಬಡಿದು, ಅರ್ಧ ಪಾಲು ಹುಲ್ಲು, ಕಾಲು ಪಾಲು ಮಣ್ಣು, ಕಾಲು ಪಾಲು ಜೌಗು ನೆಲದ ಕೊಳೆತ ಸಾವಯವ ಮಣ್ಣು ಬೆರೆಸಿ ತುಂಬಿ, ಮೇಲೆ ಹುಲ್ಲು ಬೆಳೆಸುತ್ತಾರೆ. ಔಷಧಿ ಬೆರೆಸುವುದು, ಡಬ್ಬಿ ತೊಳೆಯುವುದು ಎಲ್ಲವೂ ಅದರ ಮೇಲೆಯೇ. ಹುಲ್ಲಿನ ಲಿಗ್ನಿನ್ ತಿನ್ನಲು ಬಂದ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಚೆಲ್ಲಿದ ವಿಷವನ್ನೂ ತಿನ್ನುತ್ತವೆ. ಹುಲ್ಲಿಗೆ ನಮ್ಮಲ್ಲಿ ಕೊರತೆಯಿಲ್ಲ. ಜೌಗು ಮಣ್ಣಿನ ಜಾಗಕ್ಕೆ ತೆಂಗಿನ ನಾರಿನ ಪುಡಿ, ಹಟ್ಟಿಗೊಬ್ಬರಗಳನ್ನು ಬಳಸಿ ಇಲ್ಲಿನ ಮಳೆಗೆ ತಕ್ಕಂತೆ ಮೇಲೊಂದು ಮಾಡು ಹಾಕಿದರೆ ಹೇಗಿರುತ್ತದೆಂದು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಪರೀಕ್ಷಿಸಿ ನೋಡಬಹುದು. ತೋಡಿನ ದಂಡೆಯಲ್ಲಿ ಕೂತು ಡಬ್ಬಿ ತೊಳೆಯುವುದಕ್ಕೆ ಪರ್ಯಾಯವೊಂದನ್ನು ತೋರಿಸದೆ ‘ತೊಳೆಯಬೇಡಿ’ ಎನ್ನುವ ಕರಪತ್ರದಿಂದ ಏನೂ ಆಗದು.

2015ರ ಫೆಬ್ರುವರಿಯಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಆರೋಗ್ಯವೆಂಬ ಹೆಸರಿದ್ದರೂ ಜೀವಂತವಾದ ಒಂದನ್ನೂ ಅದು ಎಣಿಸುವುದಿಲ್ಲ, ಕಳೆನಾಶಕದ ಶೇಷವನ್ನೂ ಕೇಳುವುದಿಲ್ಲ. ಶೇಷ ಪರೀಕ್ಷೆಯ ಯಂತ್ರಗಳು ದುಬಾರಿ, ತಾಲ್ಲೂಕಿಗೊಂದು ಇಡಲಾಗದೆಂಬುದು ನಿಜ. ಭೌಗೋಳಿಕ ಸೂಚ್ಯಂಕ ಪಡೆದ ಬೆಳೆಯ ನೆಲವನ್ನಾದರೂ ವರ್ಷಕ್ಕೊಮ್ಮೆ ಪರೀಕ್ಷಿಸಬಾರದೇ? ಆ ಮಾನ್ಯತೆಯ ಅರ್ಥವೇ ಈ ರುಚಿ ಈ ಮಣ್ಣಿನದೆಂದಲ್ಲವೇ?

ಅಲ್ಲಿಯವರೆಗೆ ಯಂತ್ರವಿಲ್ಲದ ಒಂದು ಪರೀಕ್ಷೆಯನ್ನು ಯಾರೂ ಮಾಡಿಕೊಳ್ಳಬಹುದು. ಕಳೆವಿಜ್ಞಾನಿಗಳು ಬಹಳ ಹಿಂದಿನಿಂದ ಬಳಸುತ್ತ ಬಂದದ್ದೇ ಇದು. ಭತ್ತದ ಕೊಯ್ಲಾದೊಡನೆ ಗದ್ದೆಯ ನಾಲ್ಕಾರು ಕಡೆಗಳಿಂದ ಗೇಣು ಆಳದ ಮಣ್ಣು ತೆಗೆದು ಬೆರೆಸಿ ಒಂದು ಚಟ್ಟಿಗೆ ತುಂಬಬೇಕು. ಕಳೆನಾಶಕವನ್ನೇ ಕಾಣದ ಹಿತ್ತಲಿನ ಅದೇ ಬಗೆಯ ಮಣ್ಣನ್ನು ಇನ್ನೊಂದಕ್ಕೆ ತುಂಬಬೇಕು. ಎರಡರಲ್ಲೂ ಹತ್ತಿಪ್ಪತ್ತು ಸೌತೆ ಅಥವಾ ಟೊಮೆಟೊ ಬೀಜ ಹಾಕಿ, ಒಂದೇ ಬಿಸಿಲಿನಲ್ಲಿಟ್ಟು, ಒಂದೇ ಅಳತೆಯ ನೀರು ಕೊಡಬೇಕು. ಎರಡು ಮೂರು ವಾರದಲ್ಲಿ ಎರಡೂ ಚಟ್ಟಿಯ ಸಸಿಗಳು ಸರಿಸಮವಾಗಿ ಎದ್ದರೆ ಗುಳ್ಳ ನೆಡಬಹುದು. ಗದ್ದೆಯ ಮಣ್ಣಿನ ಸಸಿಗಳು ಮಾತ್ರ ಕುಗ್ಗಿದರೆ, ಎಲೆ ಬಟ್ಟಲಿನಂತೆ ಮುದುಡಿದರೆ, ಮಣ್ಣಿನ ಒಳಗಿನವರ ಕೆಲಸ ಇನ್ನೂ ಮುಗಿದಿಲ್ಲ. ಆಗ ಗದ್ದೆಯನ್ನು ಒಮ್ಮೆ ಉತ್ತು ಗಾಳಿಯಾಡಲು ಬಿಟ್ಟು, ನಾಲ್ಕು ಬುಟ್ಟಿ ಹಟ್ಟಿಗೊಬ್ಬರ ಹೆಚ್ಚು ಹಾಕಿ, ತೇವ ಆರದಂತೆ ನೋಡಿಕೊಂಡು ಇನ್ನೊಂದು ಹದಿನೈದು ದಿನ ಕಾಯಬೇಕು.